ನಂಜುಂಡನ ಡ್ಯುಯಲ್ ಕೋರ್ ಮತ್ತು ಈಜುಕೊಳದ ಆನೆಗಳು

ಆಲೂರಿನ ತಾಲ್ಲೂಕು ಕಚೇರಿಯ ಎದುರಿಗೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಮನೆಗಳ ನಕ್ಷೆ ಬರೆಯುವ ನಂಜುಂಡನಿಗೆ ಮನುಷ್ಯರನ್ನು ಕಂಡರಾಗದು ಎಂದು ಊರಿನವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ದ್ವೇಷಿಸುವಷ್ಟು ಮರ್ಯಾದೆಯನ್ನೂ ಅವನು ಯಾರಿಗೂ ಕೊಟ್ಟವನಲ್ಲ. ನಕ್ಷೆಯ ಹಾಳೆಯನ್ನು ತಲೆಕೆಳಗಾಗಿ ಹಿಡಿದು "ಚೆನ್ನಾಗೈತೆ" ಎನ್ನುವ ಗಿರಾಕಿ, ಹಾಸನದಲ್ಲಿ ಕೂತು ಹಾಳೆ ಬಿಚ್ಚದೆಯೇ ಅದಕ್ಕೆ ಸಹಿ ಒತ್ತುವ ಇಂಜಿನಿಯರು, ತಳಪಾಯ ಬಿದ್ದ ಮೇಲೆ ಬಂದು ಅಡುಗೆಮನೆಯನ್ನು ಆಗ್ನೇಯಕ್ಕೆ ತಳ್ಳುವ ವಾಸ್ತುಪಂಡಿತ, ಇಟ್ಟಿಗೆಯನ್ನೂ ನೆಟ್ಟಗೆ ಇಡಲಾರದ ಗಾರೆಯವರು, ಎಲ್ಲರೂ ಅವನ ಕಣ್ಣಿಗೆ ಒಂದೇ.

ಅವನ ಅಪ್ಪ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುತ್ತಿದ್ದವರು. ನೆಲವನ್ನು ಅಳೆಯುವುದು, ಅಳೆದದ್ದನ್ನು ಕಾಗದಕ್ಕೆ ಇಳಿಸುವುದು ನಂಜುಂಡನಿಗೆ ಹುಡುಗುತನದಿಂದಲೇ ಅಂಟಿಕೊಂಡಿತ್ತು. ಸಿವಿಲ್ ಡಿಪ್ಲೊಮಾಕ್ಕೆ ಸೇರಿದ. ಕೊನೆಯ ವರ್ಷ ಪಾಠ ಹೇಳುವ ಮೇಷ್ಟರಿಗೇ "ನಿಮಗೆ ಮೆಟ್ಟಿಲು ಬರೆಯೋಕೆ ಬರಲ್ಲ ಸಾರ್" ಎಂದು ತರಗತಿಯ ಎದುರು ಹೇಳಿ, ಪರೀಕ್ಷೆಯಲ್ಲಿ ಅದರ ಫಲ ಉಂಡು, ಸರ್ಟಿಫಿಕೇಟಿಲ್ಲದೆ ಊರಿಗೆ ಬಂದ. ಅಂದಿನಿಂದ ಅವನು ಬರೆದ ನಕ್ಷೆಗೆ ಸಹಿ ಇನ್ಯಾರದೋ. ಹೆಂಡತಿ ಸುಮಿತ್ರಮ್ಮ ಮದುವೆಯಾದ ಹೊಸದರಲ್ಲಿ ಅಕ್ಕಪಕ್ಕದವರ ಸುದ್ದಿ ಹೇಳುತ್ತಿದ್ದಳು. ಗಂಡ ಪ್ರತಿಯೊಬ್ಬರಿಗೂ ಒಂದೊಂದು ಬಿರುದು ಕೊಟ್ಟು ಮುಗಿಸುವುದನ್ನು ಕೇಳಿ ಕೇಳಿ ಸಾಕಾಗಿ, ಈಗ ಅವನ ಹತ್ತಿರ ಹಾಲು, ಗ್ಯಾಸು, ಕರೆಂಟು ಬಿಟ್ಟರೆ ಬೇರೆ ಮಾತೆತ್ತುವುದಿಲ್ಲ.

ಕಂಪ್ಯೂಟರನ್ನೂ ಅವನು ಬಹಳ ಕಾಲ ಹತ್ತಿರ ಸೇರಿಸಿರಲಿಲ್ಲ. ಟ್ರೇಸಿಂಗ್ ಕಾಗದ, ಇಂಕಿನ ಪೆನ್ನು, ಟಿ-ಸ್ಕ್ವೇರ್ ಸಾಕು ಎನ್ನುತ್ತಿದ್ದ. ಕೈಬರಹದ ನಕ್ಷೆಯನ್ನು ಕಚೇರಿಯವರು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದಾಗ ಬೇರೆ ದಾರಿ ಕಾಣದೆ ಒಂದು ಕಂಪ್ಯೂಟರ್ ಕೊಂಡ. ಆಗ ಡ್ಯುಯಲ್ ಕೋರ್ ಪ್ರೊಸೆಸರ್ ಎಂದರೆ ಮಾತಾಡುವಂಥ ವಸ್ತು. ಒಳಗೆ ಎರಡು ಮಿದುಳು ಇವೆ ಎಂದು ಅಂಗಡಿಯವನು ಹೇಳಿದ್ದ. "ಮನೆ ಕಟ್ಸೋ ಮಾಲೀಕರಿಗೆ ಒಂದೂ ಇರಲ್ಲ, ಇದಕ್ಕೆ ಎರಡು" ಎಂದುಕೊಂಡು ನಂಜುಂಡ ಅದನ್ನು ಕೋಣೆಗೆ ತಂದಿದ್ದ. ಆಮೇಲೆ ಪರದೆ ಬದಲಾಯಿತು, ಕೀಬೋರ್ಡು ಬದಲಾಯಿತು, ಪ್ರೊಸೆಸರ್ ಮಾತ್ರ ಅದೇ ಉಳಿಯಿತು. ನಾಲ್ಕು ಗೆರೆ ಎಳೆಯಲು ಅದಕ್ಕಿಂತ ಹೆಚ್ಚಿನದು ಬೇಕೆನ್ನುವವನು ಗೆರೆ ಎಳೆಯಲು ಬಾರದವನು ಎಂಬುದು ಅವನ ಸಿದ್ಧಾಂತ.

ಬಸ್ ಸ್ಟಾಂಡಿನ ಹತ್ತಿರ ಪ್ರವೀಣ್ ಎಂಬ ಇನ್ನೊಬ್ಬ ನಕ್ಷೆಯವನು ಅಂಗಡಿ ತೆರೆದಾಗ ಆ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ಪ್ರವೀಣ್ ಗಿರಾಕಿಗೆ ಗೆರೆಯನ್ನೇ ತೋರಿಸುತ್ತಿರಲಿಲ್ಲ. ಕಟ್ಟದೇ ಇರುವ ಮನೆಯ ಬಣ್ಣದ ಚಿತ್ರ ಕೊಡುತ್ತಿದ್ದ; ಮುಂದೆ ಹುಲ್ಲುಹಾಸು, ಗಿರಾಕಿಯ ಏಳು ತಲೆಮಾರೂ ಹತ್ತದ ಕೆಂಪು ಕಾರು, ಆಲೂರಿನಲ್ಲಿ ಬೆಳೆಯದ ಖರ್ಜೂರದ ಮರ. ಜನ ಅದನ್ನು ಫ್ರೇಮ್ ಹಾಕಿಸಿ ಹಳೇ ಮನೆಯ ಗೋಡೆಗೆ ತೂಗು ಹಾಕುತ್ತಿದ್ದರು. "ಸಿನಿಮಾ ಪೋಸ್ಟರ್ ಅಂಟಿಸೋನು" ಎಂದು ನಂಜುಂಡ ಅವನನ್ನು ಕರೆದ. ಗಿರಾಕಿಗಳು ಮಾತ್ರ ಪೋಸ್ಟರಿನ ಕಡೆಗೇ ನಡೆದರು.

ಅಂಥ ಹೊತ್ತಿನಲ್ಲಿ ಯಸಳೂರು ಕಡೆಯ ಎಸ್ಟೇಟಿನ ಯೋಗಾನಂದ ಮೆಟ್ಟಿಲು ಹತ್ತಿ ಬಂದ. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಅದು. ಬೆಲೆ ಬಂದಾಗ ಪ್ಲಾಂಟರುಗಳಿಗೆ ಬರುವ ಯೋಚನೆ ಒಂದೇ, ಹೋಂಸ್ಟೇ.

"ನೋಡಿ ನಂಜುಂಡ, ಬರೀ ಪ್ಲಾನ್ ಯಾರಿಗ್ ಬೇಕು ಮಾರಾಯ? ವಾಕ್‌ಥ್ರೂ ಬೇಕು ನಂಗೆ. ಕ್ಯಾಮೆರಾ ಗೇಟಿಂದ ಒಳಗ್ ಬರ್ಬೇಕು, ಕಾಟೇಜ್ ಸುತ್ತಬೇಕು, ಸ್ವಿಮ್ಮಿಂಗ್ ಪೂಲ್ ಮೇಲೆ ಹಾರ್ಬೇಕು. ಫೋನಲ್ಲಿ ನೋಡಿದೋನು ಅಲ್ಲೇ ಬುಕ್ ಮಾಡ್ಬೇಕು. ಪ್ರವೀಣ್ ಮಾಡ್ತೀನಿ ಅಂದ. ಆದ್ರೆ ನಮ್ಮ ಬಂಗ್ಲೆ ರಿಪೇರಿ ಪ್ಲಾನ್ ನೀವ್ ಮಾಡಿದ್ದಲ್ವಾ, ಅದಕ್ಕೆ ಮೊದ್ಲು ನಿಮ್ಮನ್ನೇ ಕೇಳೋಣ ಅಂತ ಬಂದೆ."

ಬೇರೆ ದಿನವಾಗಿದ್ದರೆ ನಂಜುಂಡ ಬಾಗಿಲು ತೋರಿಸುತ್ತಿದ್ದ. ಪ್ರವೀಣ್ ಮಾಡುತ್ತಾನೆ ಎಂಬ ಮಾತು ಕಿವಿಗೆ ಬಿದ್ದದ್ದರಿಂದ "ಮಾಡೋಣ" ಎಂದುಬಿಟ್ಟ.

ಜಾಗ ನೋಡಲು ಹೋದ. ಕಾಫಿ ಗಿಡ ಕಿತ್ತು ಮಟ್ಟ ಮಾಡಿದ ಇಳಿಜಾರು, ಕೆಳಗೆ ಹಳ್ಳ. ಟೇಪು ಹಿಡಿದು ಈಜುಕೊಳದ ಮೂಲೆಗೆ ಗೂಟ ಹೊಡೆಯಲು ಹೋದರೆ ಆ ಮೂಲೆಯಲ್ಲಿ ಆನೆ ಲದ್ದಿ ಬಿದ್ದಿತ್ತು. ಹಳ್ಳದ ಕಡೆಯಿಂದ ಮೇಲಿನ ಕಾಡಿನವರೆಗೆ ಅಗಲವಾದ ದಾರಿಯೊಂದು ಗಿಡಗಳ ನಡುವೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು.

"ಇದು ಆನೆ ಓಡಾಡೋ ಜಾಗ ಅಲ್ವೇನ್ರೀ?" ಎಂದ ನಂಜುಂಡ.

"ಅದೆಲ್ಲ ಹಳೇದು ಬಿಡಿ. ಲೈಟ್ ಹಾಕ್ಸಿದ್ರೆ ಬರಲ್ಲ" ಎಂದ ಯೋಗಾನಂದ. ಜೊತೆಗಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಲೆಯೆತ್ತಿ ಆಕಾಶದ ಕಡೆ ನೋಡಿದ.

ನಂಜುಂಡ ಲದ್ದಿಯ ಪಕ್ಕದಲ್ಲೇ ಗೂಟ ಹೊಡೆದ. ಮುಳುಗಬೇಕೆಂದು ಹೊರಟವನಿಗೆ ನೀರಿನ ಆಳ ಹೇಳುವುದು ತನ್ನ ಕೆಲಸವಲ್ಲ ಎಂದುಕೊಂಡ.

ಕೋಣೆಗೆ ಬಂದು ಕಂಪ್ಯೂಟರಿನಲ್ಲಿ ಇಳಿಜಾರಿನ ಮೇಲೆ ಒಂದು ಕಾಟೇಜು ಎಬ್ಬಿಸುವಷ್ಟರಲ್ಲಿ ಪರದೆ ನಿಂತೇಹೋಗುತ್ತಿತ್ತು. ಭಾಗಗಳನ್ನೆಲ್ಲ ಕೂರಿಸುವ ಹಳೆಯ ಮದರ್‌ಬೋರ್ಡಿನಲ್ಲಿ, ಇಂಥ ಚಿತ್ರ ತಿರುಗಿಸಲು ಬೇಕಾದ ಗ್ರಾಫಿಕ್ಸ್ ಕಾರ್ಡ್ ಹಾಕುವ ಜಾಗವೂ ಇರಲಿಲ್ಲ. ಹೇಗಪ್ಪಾ ಎಂದು ಯೋಚಿಸುತ್ತಿರುವಾಗಲೇ ಮುಂಗಾರಿಗೆ ಮುಂಚಿನ ಒಂದು ಸಂಜೆಯ ಮಳೆಯಲ್ಲಿ ಸಿಡಿಲು ಕರೆಂಟಿನ ತಂತಿ ಹಿಡಿದು ಕೋಣೆಯೊಳಕ್ಕೆ ಬಂತು. ಸುಟ್ಟ ವಾಸನೆ ಬಂತು. ಮದರ್‌ಬೋರ್ಡ್ ಸತ್ತಿತ್ತು.

ಹಾಸನದ ದೊಡ್ಡ ಅಂಗಡಿಗೆ ಹೋದ. ಗಾಜಿನ ಬಾಗಿಲು, ಒಳಗೆ ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಬಣ್ಣ ಬದಲಾಯಿಸುವ ಕಂಪ್ಯೂಟರುಗಳು. ನಂಜುಂಡ ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ಪ್ರೊಸೆಸರನ್ನು ಗಾಜಿನ ಮೇಲಿಟ್ಟು, ಇದಕ್ಕೆ ಹೊಂದುವ ಮದರ್‌ಬೋರ್ಡ್ ಬೇಕು, ಕಾರ್ಡಿಗೆ ಜಾಗವಿರಬೇಕು ಎಂದ.

ಟೀಶರ್ಟಿನವನು ನಕ್ಕ. "ಅಂಕಲ್, ಇದು ಮ್ಯೂಸಿಯಂಗೆ ಕೊಡಿ. ಹೊಸ ಪೀಸಿನೇ ತಗೊಳ್ಳಿ."

"ನಾನು ನಿಮ್ಮಪ್ಪನ ತಮ್ಮನಾ?"

"ಅಲ್ಲ ಅಂಕಲ್..."

"ಹಾಗಿದ್ರೆ ಕೇಳಿದ್ದಕ್ಕೆ ಉತ್ತರ ಹೇಳು. ಇದು ಕೂರೋ ಸಾಕೆಟ್ ಹೆಸರು ಗೊತ್ತಾ ನಿಂಗೆ?"

ಅವನಿಗೆ ಗೊತ್ತಿರಲಿಲ್ಲ. ನಂಜುಂಡ ಪ್ರೊಸೆಸರನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಹೊರಗೆ ಬಂದ. ನಿಜ ಹೇಳಬೇಕೆಂದರೆ, ಆ ನಗುವಿಗೆ ಮುಂಚೆ ಹೊಸದನ್ನೇ ಕೊಂಡುಬಿಡುವ ಯೋಚನೆಯೂ ಅವನಿಗಿತ್ತು. ನಕ್ಕ ಮೇಲೆ ಸಾಧ್ಯವೇ ಇರಲಿಲ್ಲ. ಇನ್ನು ಏನೇ ಆಗಲಿ, ಆ ಡ್ಯುಯಲ್ ಕೋರಿನಲ್ಲೇ ಯೋಗಾನಂದನ ಈಜುಕೊಳದ ಮೇಲೆ ಹಾರಬೇಕು.

ಸಕಲೇಶಪುರದಲ್ಲಿ ಬಸ್ ಸ್ಟಾಂಡಿನ ಹಿಂದಿನ ಓಣಿಯಲ್ಲಿ ಆಕಿಫನ ಅಂಗಡಿ. ಎಸ್ಟೇಟ್ ಆಫೀಸುಗಳು ಎಸೆದ ಕಂಪ್ಯೂಟರುಗಳನ್ನು ಬಿಚ್ಚಿ, ಬದುಕಿರುವ ಭಾಗಗಳನ್ನು ಮಾರುವವನು. ಮೂವತ್ತೈದು ದಾಟಿದ, ವಿಪರೀತ ಮಾತಿನ ಮನುಷ್ಯ. ಅವನ ಮಾತನ್ನು ನಂಜುಂಡ ಮಳೆಯ ಸದ್ದಿನ ಹಾಗೆ ಕೇಳಿಸಿಕೊಳ್ಳುತ್ತಿದ್ದ.

ಆಕಿಫ್ ಪ್ರೊಸೆಸರನ್ನು ತನ್ನಲ್ಲಿದ್ದ ಬೋರ್ಡೊಂದಕ್ಕೆ ಕೂರಿಸಿ ಕರೆಂಟು ಕೊಟ್ಟ. ಪರದೆ ಬೆಳಗಿತು. "ಜೀವ ಐತೆ ಸಾರ್. ಸಿಡ್ಲು ಇದನ್ನ ಮುಟ್ಟಿಲ್ಲ. ಈಗ ಬೋರ್ಡು ಎರಡ್ ಥರ ಅವೆ. ಇದು ಹೊಸದು, ಹೆಸರು ಗೊತ್ತಿಲ್ದಿರೋ ಕಂಪ್ನಿದು. ಅದು ಹಳೇದು, ಒಳ್ಳೆ ಕಂಪ್ನಿದು, ಎಸ್ಟೇಟ್ ಆಫೀಸಿಂದ ಬಂದಿದ್ದು. ಹಳೇದೇ ತಗೊಳಿ, ಕಣ್ಮುಚ್ಕೊಂಡು ಹಾಕ್ಬುಡ್ಬೋದು."

ಕಣ್ಣು ಮುಚ್ಚಿಕೊಂಡು ಎಂದವರ ಎದುರು ನಂಜುಂಡ ಕಣ್ಣು ಇನ್ನೂ ಅಗಲಿಸುತ್ತಿದ್ದ. ಜೇಬಿನಿಂದ ಭೂತಗನ್ನಡಿ ತೆಗೆದು ಹಳೆಯ ಬೋರ್ಡನ್ನು ನೋಡಿದ. ಪ್ರೊಸೆಸರ್ ಕೂರುವ ಚೌಕದ ಸುತ್ತ ಇದ್ದ ಸಣ್ಣ ಡಬ್ಬಿಯಂಥ ಕೆಪಾಸಿಟರುಗಳಲ್ಲಿ ಎರಡು ತಲೆ ಉಬ್ಬಿಸಿಕೊಂಡಿದ್ದವು. ಚೌಕದೊಳಗಿನ ಕೂದಲೆಳೆಯಂಥ ಸೂಜಿಗಳಲ್ಲಿ ಒಂದು ಬಾಗಿತ್ತು.

"ಇದನ್ನ ನಿಮ್ಮ ಬೀಗರಿಗೆ ಮಾರು" ಎಂದು ಹೊಸದನ್ನು ಎತ್ತಿಕೊಂಡ. ಅದಕ್ಕೂ ಬೈಗುಳ ತಪ್ಪಲಿಲ್ಲ. ಹಾಳೆಯಷ್ಟು ತೆಳು, ಮೆಮೊರಿ ಹಾಕಲು ಎರಡೇ ಸ್ಲಾಟು, ಮಾಡಿದವರಿಗೆ ಹೆಸರು ಹಾಕಿಕೊಳ್ಳಲೂ ನಾಚಿಕೆ. ಆದರೆ ಸಾಕೆಟ್ ಸರಿಯಾದದ್ದು, ಕಾರ್ಡಿನ ಉದ್ದನೆಯ ಸ್ಲಾಟು ಇತ್ತು, ಉಬ್ಬಿದ ಡಬ್ಬಿ ಒಂದೂ ಇರಲಿಲ್ಲ.

ಕಾರ್ಡಿನ ಸರದಿ ಬಂತು. ಆಕಿಫ್ ಮೂರು ಫ್ಯಾನಿನ, ಇಟ್ಟಿಗೆಯಷ್ಟು ದಪ್ಪದ ಒಂದನ್ನು ತಂದ. ಅದಕ್ಕೂ ಬಣ್ಣದ ದೀಪಗಳಿದ್ದವು.

"ಇದು ನನ್ನ ಡ್ಯುಯಲ್ ಕೋರಿಗೆ ಹೊಂದುತ್ತಾ?"

ಆಕಿಫ್ ತಲೆ ಕೆರೆದುಕೊಂಡ. "ಹೊಂದ್ತದೆ ಅನ್ನೋದೇನೋ ಹೊಂದ್ತದೆ. ಆದ್ರೆ ಪ್ರೊಸೆಸರ್ ಕೆಲ್ಸ ಕಳ್ಸೋದು ನಿಧಾನ ಆಯ್ತದಲ್ಲ, ಕಾರ್ಡು ಸುಮ್ನೆ ಕಾಯ್ತಾ ಕೂತಿರ್ತದೆ. ಲೈಟ್ ಮಾತ್ರ ಉರೀತಾ ಇರ್ತದೆ."

"ಮತ್ತೆ ಯಾಕೋ ತಂದೆ?"

"ಶೋ ಚೆನ್ನಾಗಿರ್ತದೆ ಅಂತ."

ಕೆಲಸವಿಲ್ಲದೆ ದೀಪ ಉರಿಸಿಕೊಂಡು ಕೂತವರು ಈ ತಾಲ್ಲೂಕಿನಲ್ಲಿ ಬೇಕಾದಷ್ಟಿದ್ದಾರೆ, ದುಡ್ಡು ಕೊಟ್ಟು ಇನ್ನೊಂದನ್ನು ಕೊಳ್ಳಬೇಕಾಗಿಲ್ಲ ಎಂದ ನಂಜುಂಡ. ಬರುವಾಗಲೇ ಕಂಪ್ಯೂಟರಿನ ಪೆಟ್ಟಿಗೆಯ ಒಳಗಿನ ಉದ್ದ ಅಳೆದುಕೊಂಡು ಬಂದಿದ್ದ. ಕಾರ್ಡಿಗೆ ಸ್ಕೇಲು ಹಿಡಿದು ತೋರಿಸಿದ; ಹಾರ್ಡ್ ಡಿಸ್ಕಿಗೆ ತಗಲುತ್ತಿತ್ತು. ಕೊನೆಗೆ ಆರಿಸಿದ್ದು ಒಂದೇ ಫ್ಯಾನಿನ ಗಿಡ್ಡ ಕಾರ್ಡು. ಬೇರೆ ಕರೆಂಟಿನ ವೈರು ಕೇಳದೆ, ಸ್ಲಾಟಿನಿಂದ ಸಿಕ್ಕಿದ್ದರಲ್ಲೇ ನಡೆಯುವಂಥದ್ದು. ಹೊಳಪಿಲ್ಲ, ದೀಪವಿಲ್ಲ. ನಂಜುಂಡನ ಬಾಯಿಂದ ಬೈಗುಳ ಬೀಳದೆ ಉಳಿದ ವಸ್ತು ಆ ಅಂಗಡಿಯಲ್ಲಿ ಅದೊಂದೇ.

ಕಾರ್ಡು ಕೂತ ಮೇಲೆ ಕಾಟೇಜುಗಳು ಪರದೆಯ ಮೇಲೆ ಸರಾಗವಾಗಿ ತಿರುಗತೊಡಗಿದವು. ವೀಡಿಯೊ ತಯಾರಾಗಲು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಆ ಎರಡು ಮಿದುಳು ಏದುಸಿರು ಬಿಡುತ್ತಿದ್ದವು. ಅಷ್ಟರಲ್ಲಿ ಯೋಗಾನಂದನ ಫೋನುಗಳು. ಖರ್ಜೂರದ ಮರ ಹಾಕಿ. ಕೊಳದ ದಡದಲ್ಲಿ ಫಾರಿನ್ನಿನವರನ್ನು ಕೂರಿಸಿ. ಒಂದು ಬಿಳೀ ಕುದುರೆ ಹಾಕೋಕಾಗುತ್ತಾ? ಕೊನೆಗೊಂದು ದಿನ, "ಯಾಕೋ ಡಲ್ ಹೊಡೀತೈತೆ ನಂಜುಂಡ. ಸ್ವಲ್ಪ ಲೈಫ್ ಬೇಕು ಮಾರಾಯ, ಲೈಫು!"

ನಂಜುಂಡ ಫೋನಿಟ್ಟ. ಲೈಫು ತಾನೇ, ಕೊಡೋಣ ಎಂದುಕೊಂಡ. ಆ ಜಾಗದಲ್ಲಿ ನಿಜವಾಗಿ ಓಡಾಡುವ ಜೀವವನ್ನೇ ಕೊಟ್ಟ. ಹಳ್ಳದ ಕಡೆಯಿಂದ ಆನೆಗಳ ಹಿಂಡು ಏರಿ ಬರುವಂತೆ ಮಾಡಿದ. ಒಂದು ಹೆಣ್ಣಾನೆ ಬೇಲಿ ತುಳಿದು ಬರುತ್ತಿತ್ತು. ಕೊಂಬಿನ ಸಲಗವೊಂದು ಈಜುಕೊಳಕ್ಕೆ ಸೊಂಡಿಲು ಇಳಿಬಿಟ್ಟು ನಿಂತಿತ್ತು. ಆರಾಮ ಕುರ್ಚಿಯ ಫಾರಿನ್ನಿನವರ ಬೆನ್ನ ಹಿಂದೆಯೇ ಇನ್ನೊಂದು. ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರಾದರೂ ಆ ಮಂಕನಿಗೆ ಅರ್ಥವಾಗಬಹುದು, ಆಗದಿದ್ದರೆ ಜಗಳವಾದರೂ ಆಗಬಹುದು ಎಂದು ಉತ್ತರಗಳನ್ನು ಮಸೆದುಕೊಂಡೇ ಎಸ್ಟೇಟಿಗೆ ಹೋದ.

ಬಂಗಲೆಯ ದೊಡ್ಡ ಟಿವಿಯ ಎದುರು ಯೋಗಾನಂದನೂ ಅವನ ಪ್ಲಾಂಟರ್ ಗೆಳೆಯರೂ ಕೂತಿದ್ದರು. ಕ್ಯಾಮೆರಾ ಗೇಟಿನಿಂದ ಒಳಗೆ ಬಂತು, ಕಾಟೇಜು ಸುತ್ತಿತು. ಆನೆಗಳು ಬಂದವು. ನಂಜುಂಡ ಮೊದಲ ಉತ್ತರವನ್ನು ನಾಲಗೆಯ ತುದಿಗೆ ತಂದುಕೊಂಡ.

"ಇದು!" ಎಂದು ಯೋಗಾನಂದ ಎದ್ದು ನಿಂತ. "ಇದು ಕಣ್ರೀ ನಂಗೆ ಬೇಕಾಗಿದ್ದು! ಸಿಟಿಯೋರು ಸಾಯ್ತಾರೆ ಇದಕ್ಕೆ!"

ಗೆಳೆಯರು ಚಪ್ಪಾಳೆ ಹೊಡೆದರು. ಅವರಲ್ಲೊಬ್ಬ, "ಒಂದು ಮರಿ ಹಾಕಿ ಸಾರ್, ಕ್ಯೂಟಾಗಿರ್ತದೆ" ಎಂದ.

ಮಸೆದುಕೊಂಡು ಹೋದ ಉತ್ತರವೆಲ್ಲ ನಂಜುಂಡನಿಗೆ ದಂಡವಾಯಿತು. ತಾನು ಉಗುಳಿದ್ದನ್ನು ಇವರು ತೀರ್ಥದ ಹಾಗೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವನು ಎದ್ದು ಬರಬಹುದಿತ್ತು. ಬರಲಿಲ್ಲ. ಮಾರನೆಯ ದಿನ ಕೂತು ಮರಿ ಹಾಕಿದ.

ಆ ವೀಡಿಯೊ ಫೋನಿನಿಂದ ಫೋನಿಗೆ ಹೋಯಿತು. ಸಕಲೇಶಪುರದ ಕಡೆಯಿಂದ, ಕೆ. ಹೊಸಕೋಟೆಯ ಕಡೆಯಿಂದ ಹೋಂಸ್ಟೇ ಕಟ್ಟುವವರೆಲ್ಲ ಗೊಬ್ಬರದ ಅಂಗಡಿಯ ಮೆಟ್ಟಿಲು ಹತ್ತಿದರು. ಎಲ್ಲರಿಗೂ ಆನೆ ಬೇಕು. ಸ್ವಂತ ತೋಟಕ್ಕೆ ಆನೆ ಬಂದರೆ ಅರಣ್ಯ ಇಲಾಖೆಯವರನ್ನು ಬಾಯಿಗೆ ಬಂದಂತೆ ಬೈಯುವವರು ವೀಡಿಯೊದಲ್ಲಿ ಎರಡು ಜಾಸ್ತಿ ಇರಲಿ ಎನ್ನುತ್ತಿದ್ದರು. ಊರಿನವರು ಅವನಿಗೆ 'ಆನೆ ನಂಜುಂಡ' ಎಂದು ಹೆಸರಿಟ್ಟರು. ಪ್ರವೀಣ್ ಒಂದು ದಿನ ತಾನೇ ಬಂದು, "ಆನೆ ನೆಟ್ಟಲ್ಲಿ ಎಲ್ಲಿಂದ ಇಳಿಸ್ಕೊಂಡ್ರಿ ಸಾರ್?" ಎಂದು ಕೇಳಿದ. ನಂಜುಂಡ ಅವನನ್ನು ಮೆಟ್ಟಿಲಿಳಿಸಿದ. ಆದರೂ ಒಳಗೊಳಗೆ ಹಿಗ್ಗಿದ. ಹಿಗ್ಗಿದ್ದಕ್ಕೆ ತನ್ನನ್ನೇ ಬೈದುಕೊಂಡ.

ಮಳೆಗಾಲದ ಕೊನೆಗೆ ಚೆಲುವಮ್ಮ ಬಂದಳು. ಕೆ. ಹೊಸಕೋಟೆ ಹೋಬಳಿಯ ಒಂದು ಸಣ್ಣ ಹಳ್ಳಿಯವಳು, ಐವತ್ತರ ಆಚೀಚೆ. ಸರ್ಕಾರದಿಂದ ಮನೆ ಮಂಜೂರಾಗಿತ್ತು, ನಕ್ಷೆ ಬೇಕಿತ್ತು. ನಂಜುಂಡ ಸ್ಟೂಲು ತೋರಿಸಿದ. ಪರದೆಯ ಮೇಲೆ ಇನ್ಯಾರದೋ ಹೋಂಸ್ಟೇಯ ವೀಡಿಯೊ ತಯಾರಾಗುತ್ತಿತ್ತು. ಹಿಂಡು ಹಳ್ಳ ದಾಟಿ ಮೇಲಕ್ಕೆ ಬರುತ್ತಿತ್ತು.

ಚೆಲುವಮ್ಮ ಎದ್ದು ಬಾಗಿಲವರೆಗೆ ಹಿಂದೆ ಸರಿದಳು. "ಮುಚ್ಚಿ ಸಾಮಿ. ಅದ್ನ ಮುಚ್ಚಿ."

"ಬೊಂಬೆ ಕಣಮ್ಮ ಅದು" ಎಂದ ನಂಜುಂಡ, ಹಳ್ಳಿಗರ ದಡ್ಡತನಕ್ಕೆಂದೇ ಇಟ್ಟುಕೊಂಡಿದ್ದ ದನಿಯಲ್ಲಿ.

"ಬೊಂಬೆ ಅಂತ ಗೊತ್ತು ಸಾಮಿ. ಆದ್ರೂವೆ ಮುಚ್ಚಿ."

ಅವನು ಪರದೆ ಆರಿಸಿದ. ಪೆಟ್ಟಿಗೆ ಆರಿಸಿದರೆ ಇಡೀ ದಿನದ ಕೆಲಸ ಹಾಳು. ಹಾಗಾಗಿ ಕಾರ್ಡಿನ ಫ್ಯಾನು ಗೊರಗುಟ್ಟುತ್ತಲೇ ಇತ್ತು. ಚೆಲುವಮ್ಮ ಅದರ ಕಡೆ ಒಮ್ಮೆ ನೋಡಿ ಸ್ಟೂಲಿನ ತುದಿಯಲ್ಲಿ ಕೂತಳು. ನಂಜುಂಡ ಏನೂ ಕೇಳದಿದ್ದರೂ ಹೇಳಿದಳು. ಹೋದ ವರ್ಷ ಬತ್ತ ಮನೆಗೆ ಬಂದ ಕಾಲದಲ್ಲಿ ಒಂಟಿ ಆನೆ ಬಂದು ಅಡುಗೆಮನೆಯ ಗೋಡೆ ತಳ್ಳಿತ್ತು. ಗಂಡ ದ್ಯಾವಯ್ಯ ಗೋಡೆಯ ಬುಡದಲ್ಲಿ ಮಲಗಿದ್ದ. ಸೊಂಟ ಮುರಿದು, ಈಗ ಅವಳ ತಮ್ಮನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ.

"ಅದು ನಮ್ಮೇಲೇನು ಹಗೆ ಇಟ್ಕಂಡು ಬರ್ಲಿಲ್ಲ ಸಾಮಿ, ಅಕ್ಕಿ ವಾಸ್ನೆಗೆ ಬಂತು. ಅವ್ರು ಅಲ್ಲಿ ಮಲಗಿದ್ರು, ಅಷ್ಟೆಯ."

ಯೋಗಾನಂದನಿಗೆ, ಅವನ ಗೆಳೆಯರಿಗೆ, ಮರಿ ಕೇಳಿದವನಿಗೆ ತಾನು ಕೊಟ್ಟಿದ್ದ ಬಿರುದುಗಳೆಲ್ಲ ನಂಜುಂಡನಿಗೆ ನೆನಪಾದವು. ಆ ಮರಿಯನ್ನು ಕೂರಿಸಿದ ಕೈ ತನ್ನದು. ಅವರು ಕೇಳಿದವರು, ಮಾಡಿದವನು ತಾನು. ಅವರಾದರೂ ಆನೆ ಬರಲ್ಲ ಎಂದು ನಂಬಿಕೊಂಡಿದ್ದರು, ಲದ್ದಿಯ ಪಕ್ಕ ಗೂಟ ಹೊಡೆದವನಿಗೆ ಎಲ್ಲಾ ಗೊತ್ತಿತ್ತು. ಜೀವಮಾನವಿಡೀ ಊರಿಗೆಲ್ಲ ಹಂಚಿದ ಅಸಹ್ಯ ಅವತ್ತು ಅವನ ಬಾಯಲ್ಲೇ ಕಹಿಯಾಗಿ ನಿಂತಿತು.

"ಮನೇಲಿ ಅಕ್ಕಿ ಎಲ್ಲಿಡ್ತಿದ್ರಿ?" ಎಂದು ಕೇಳಿದ.

"ಅಡುಗೆಮನೆ ಮೂಲೇಲಿ. ಹೊರಗೋಡೆಗೆ ಒತ್ಕಂಡಂಗೆ."

ಮಂಜೂರಾದ ಮನೆಗೆ ಸರ್ಕಾರದ್ದೇ ಒಂದು ಅಚ್ಚಿನ ನಕ್ಷೆ ಇರುತ್ತದೆ. ಬೇರೆ ದಿನವಾಗಿದ್ದರೆ ಹೆಸರು ಬದಲಾಯಿಸಿ ಕೊಟ್ಟು ಕಳಿಸುತ್ತಿದ್ದ. ಈ ಸಲ ಹೊಸ ಹಾಳೆ ತೆಗೆದ. ಅಷ್ಟೇ ಜಾಗದಲ್ಲಿ ಕೋಣೆಗಳನ್ನು ಅತ್ತಿತ್ತ ಸರಿಸಿ, ಅಕ್ಕಿ, ಬತ್ತ, ಉಪ್ಪು ಇಡಲು ಮನೆಯ ನಡುವೆ ಒಂದು ಚಿಕ್ಕ ಗೂಡು ಮಾಡಿದ. ಅದರ ಒಂದು ಗೋಡೆಯೂ ಹೊರಕ್ಕೆ ಬರುವಂತಿರಲಿಲ್ಲ. ಮಲಗುವ ಜಾಗ ಅದರಿಂದ ದೂರ. ಇದರಿಂದ ಆನೆ ಬರುವುದೇ ಇಲ್ಲ ಎಂದು ಹೇಳುವಷ್ಟು ದಡ್ಡ ಅವನಲ್ಲ. ವಾಸನೆ ಗೋಡೆಯೊಳಗೆ ನಿಲ್ಲುತ್ತದೆಯೇ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವಳಿಗೆ ಹೇಳಿಯೂ ಹೇಳಿದ.

ಚೆಲುವಮ್ಮ ಮತ್ತೆ ಬಂದಾಗ ಹಾಳೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾ ಕೂತಳು. ಅರ್ಥವಾಗಿರಲಿಲ್ಲ. ನಂಜುಂಡ ಬಯ್ಯಲಿಲ್ಲ. ಕಂಪ್ಯೂಟರಿನಲ್ಲಿ ಅವಳ ಮನೆ ಎಬ್ಬಿಸಿ, ಬಾಗಿಲಿನಿಂದ ಒಳಗೆ ನಿಧಾನವಾಗಿ ನಡೆಸಿದ. ಕಾರೂ ಇರಲಿಲ್ಲ, ಖರ್ಜೂರವೂ ಇರಲಿಲ್ಲ. ಬರೀ ಗೋಡೆ, ಕಿಟಕಿ, ನೆಲ.

"ಇಲ್ಲಿಂದ ಈಚೆಗ್ ಬರಾಕೆ ದಾರಿ ಎಲ್ಲೈತೆ?" ಎಂದಳು ಮಲಗುವ ಕೋಣೆ ಬಂದಾಗ.

"ಮುಂದಿನ ಬಾಗಿಲು."

"ಅದು ಮುಂದಕ್ಕೆ ಬಂದು ನಿಂತ್ರೆ?"

ಅವನು ಪರದೆಯ ಮೇಲೇ ಹಿಂದಿನ ಗೋಡೆ ಒಡೆದು ಒಂದು ಬಾಗಿಲಿಟ್ಟ.

ಆಮೇಲಿನಿಂದ ವೀಡಿಯೊದಲ್ಲಿ ಆನೆ ಹಾಕುವುದಿಲ್ಲ ಎಂದುಬಿಟ್ಟ. ಕಾರಣ ಹೇಳಲಿಲ್ಲ. ಗಿರಾಕಿಗಳೂ ಕೇಳಲಿಲ್ಲ, ಮೆಟ್ಟಿಲಿಳಿದು ಬಸ್ ಸ್ಟಾಂಡಿನ ಕಡೆ ನಡೆದರು. ಪ್ರವೀಣ್ ಆನೆಗಳ ಜೊತೆ ನವಿಲನ್ನೂ ಕೊಡತೊಡಗಿದ್ದ. ಯೋಗಾನಂದನ ಹೋಂಸ್ಟೇ ಶುರುವಾಯಿತು. ಕೆಲವೇ ದಿನಗಳಲ್ಲಿ ನಿಜವಾದ ಆನೆಗಳು ಬಂದು ಈಜುಕೊಳದ ದಡ ಕುಸಿದು ಹೋಯಿತು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಹಾನಿಯಾದದ್ದು ಟೈಲ್ಸಿಗೆ ಮಾತ್ರ. ಯೋಗಾನಂದ ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗಳ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ. ಬರುವವರ ಸಂಖ್ಯೆ ಹೆಚ್ಚಾಯಿತಂತೆ. ಸುದ್ದಿ ಕೇಳಿ ನಂಜುಂಡ ಕಿಟಕಿಯಿಂದ ಹೊರಗೆ ಉಗುಳಿದ. ಗೊಬ್ಬರದ ಅಂಗಡಿಯವನು ಕೆಳಗಿನಿಂದ ಕೂಗಾಡಿದ.

ಚೆಲುವಮ್ಮನ ಮನೆಗೆ ಗುರುತು ಹಾಕುವ ದಿನ ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಹೋದ. ಗಾರೆ ಕೆಲಸದ ವೀರಯ್ಯ ದಾರ ಕಟ್ಟುತ್ತಿದ್ದ. ಒಳಗಿನ ಗೂಡಿನ ದಾರ ಒಂದು ಕಡೆಗೆ ವಾಲಿತ್ತು.

"ಏನಯ್ಯಾ ಇದು? ಕಣ್ಣಿದೆಯೋ ಇಲ್ವೋ? ಮೂಲೆಮಟ್ಟ ಹಿಡಿಯೋಕೂ ಬರ್ದೆ ಮೇಸ್ತ್ರಿ ಅನ್ನಿಸ್ಕೊಂಡಿದೀಯಲ್ಲ, ನಾಚಿಕೆ ಆಗಲ್ವಾ?" ಎಂದು ಅವನ ಕೈಯಿಂದ ದಾರ ಕಿತ್ತುಕೊಂಡ. ವೀರಯ್ಯ ಬೀಡಿ ಹಚ್ಚಿಕೊಂಡು ದೂರ ಹೋಗಿ ನಿಂತ. ನಂಜುಂಡ ಮೊಣಕಾಲೂರಿ ಗೂಟಗಳನ್ನು ಕಿತ್ತು ಮತ್ತೆ ನೆಡತೊಡಗಿದ.

ಚೆಲುವಮ್ಮ ಲೋಟದಲ್ಲಿ ಕಾಫಿ ತಂದು ಕಲ್ಲಿನ ಮೇಲಿಟ್ಟಳು. ದಾರದ ಗೆರೆಗಳ ನಡುವೆ ನಡೆದುಹೋಗಿ, ಹಿಂದಿನ ಬಾಗಿಲು ಬರುವ ಜಾಗದಲ್ಲಿ ನಿಂತು ತೋಟದ ಕಡೆ ನೋಡಿದಳು.

"ನಿಮ್ಮನೇಗೂ ಹಿಂಗೆ ಹಿಂದ್ಗಡೆ ಬಾಗ್ಲು ಮಡಗೀರಾ ಸಾಮಿ?"

"ಇಲ್ಲಮ್ಮ" ಎಂದ ನಂಜುಂಡ. "ನಮ್ದು ಬಾಡಿಗೆ ಮನೆ. ಸ್ವಲ್ಪ ಈ ಕಡೆ ಬನ್ನಿ, ದಾರ ತುಳೀತಿದೀರ."

ಅವಳು ಪಕ್ಕಕ್ಕೆ ಸರಿದಳು. ಅವನು ದಾರ ಬಿಗಿದು ಗೂಟಕ್ಕೆ ಸುತ್ತಿದ.